ಬೇರಿಂಗ್ ಎಣಿಸಿ, ಆಮೇಲೆ ಕಪ್ಲಿಂಗ್ ತಗೊಳ್ಳಿ

1/10

ಮೊದಲನೇ ಫೋಟೋದಲ್ಲಿ ನಾಲ್ಕು ಕಪ್ಲಿಂಗ್ ಇಟ್ಟಿದ್ದೀನಿ. ಎಡಗಡೆಯಿಂದ ನೋಡಿ: ಸುತ್ತ ಸುರುಳಿಯಾಗಿ ಸೀಳಿರೋ ಅಲ್ಯೂಮಿನಿಯಂದು, ಮಧ್ಯೆ ರಬ್ಬರ್ ಸ್ಟಾರ್ ಇರೋ ಲವ್‌ಜಾಯ್ ಮಾದರಿದು, ಮೂರು ತುಂಡಿನ ಓಲ್ಡಮ್, ಕೊನೇದು ರಿಜಿಡ್, ಅಂದ್ರೆ ಒಂದೇ ಗಟ್ಟಿ ತುಂಡು. ಎಲ್ಲವೂ ಹೆಬ್ಬೆರಳಷ್ಟು ದಪ್ಪ. ಮೋಟರ್ ಶಾಫ್ಟ್‌ಗೂ ಸ್ಕ್ರೂಗೂ ಗಂಟು ಹಾಕೋದೇ ಇವುಗಳ ಕೆಲಸ.

ಪ್ರಾಜೆಕ್ಟ್ ಸೀಸನ್ ಶುರುವಾದಾಗಿಂದ ಕ್ಲಾಸ್ ಗ್ರೂಪಲ್ಲಿ ಒಂದೇ ಪ್ರಶ್ನೆ: "ಗುರು, ನಮ್ಮ ಸಿಎನ್‌ಸಿಗೆ ಯಾವ ಕಪ್ಲಿಂಗ್ ತಗೊಳ್ಳೋದು?" ಉತ್ತರದಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ "ಫ್ಲೆಕ್ಸಿಬಲ್ ಹಾಕು ಮಗಾ, ಅಲೈನ್‌ಮೆಂಟ್ ತಲೆನೋವೇ ಇರಲ್ಲ" ಅನ್ನುತ್ತೆ. ಇನ್ನೊಂದು "ರಿಜಿಡ್ ಹಾಕು, ಆಕ್ಯುರೆಸಿ ಬರುತ್ತೆ" ಅನ್ನುತ್ತೆ. ನಾನು ಎರಡೂ ಪಾರ್ಟಿಗೆ ಸೇರಲ್ಲ. ಮೆಷಿನ್ ಮುಖ ನೋಡದೆ ಕೊಡೋ ಉತ್ತರ ಅದು, ಪೇಷೆಂಟ್ ನೋಡದೆ ಮಾತ್ರೆ ಬರೆದ ಹಂಗೆ.

ನನ್ನ ವಾದ ಇಷ್ಟು. ಕಪ್ಲಿಂಗ್ ಆರಿಸೋಕೆ ಮುಂಚೆ ನಿಮ್ಮ ಮೆಷಿನ್‌ನಲ್ಲಿ ಆ ಒಂದು ಸಾಲಲ್ಲಿ ಎಷ್ಟು ಬೇರಿಂಗ್ ಇವೆ ಅಂತ ಎಣಿಸಿ. ಕಪ್ಲಿಂಗ್ ಯಾವುದು ಅನ್ನೋದನ್ನ ಆ ಸಂಖ್ಯೆಯೇ ಹೇಳುತ್ತೆ. ಹಂಗೇ, ಸೊಟ್ಟ ಕೂರಿಸಿದ ಮೋಟರ್‌ಗೆ ಯಾವ ಕಪ್ಲಿಂಗೂ ಔಷಧಿ ಅಲ್ಲ.

ಇಷ್ಟು ಸಣ್ಣ ಸಾಮಾನಿಗೆ ಹತ್ತು ಪೋಸ್ಟಾ ಅಂತೀರಾ? ನಾಲ್ಕು ಜನ ಮನೇಲಿ ಕೇಳಿ ದುಡ್ಡು ಹೊಂದಿಸಿ ಮೆಷಿನ್ ಕಟ್ಟಿರ್ತೀವಿ. ವೃತ್ತ ಕೆತ್ತು ಅಂದ್ರೆ ಮೊಟ್ಟೆ ಬರುತ್ತೆ. ಆಗ ಮೋಟರ್ ಬದಲಾಯಿಸ್ತೀವಿ, ಡ್ರೈವರ್ ಬದಲಾಯಿಸ್ತೀವಿ, ವೈವಾ ದಿನ ಬಂದೇ ಬಿಡುತ್ತೆ. ದುಡ್ಡೆಲ್ಲ ತಪ್ಪು ಜಾಗಕ್ಕೆ ಸುರಿದಿರ್ತೀವಿ.

2/10

"ಅಲೈನ್‌ಮೆಂಟ್ ಔಟ್" ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ಅದರಲ್ಲಿ ಮೂರು ಥರ ಇದೆ, ಮೂರಕ್ಕೂ ಮದ್ದು ಬೇರೆ ಬೇರೆ.

ಎರಡನೇ ಫೋಟೋ ನಮ್ಮ ಗೋವಿಂದನಹಳ್ಳಿ ಪಂಚಲಿಂಗೇಶ್ವರ ದೇವಸ್ಥಾನ. ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು, 1238ರ ಆಸುಪಾಸು, ರೂವಾರಿ ಮಲ್ಲಿತಮ್ಮನ ಕೈಕೆಲಸ. ಐದು ಗರ್ಭಗುಡಿ ಒಂದೇ ಸಾಲಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ಆ ಸಾಲಿನ ಉದ್ದಕ್ಕೂ ಗಾರೆ ಮೇಸ್ತ್ರಿ ಥರ ಒಂದು ದಾರ ಕಟ್ಟಿದ್ದೀವಿ ಅಂತ ಅಂದುಕೊಳ್ಳಿ.

ಒಂದು ಗುಡಿ ದಾರ ಬಿಟ್ಟು ಒಂದಡಿ ಮುಂದಕ್ಕೆ ಬಂದಿದ್ರೆ? ದಿಕ್ಕು ಸರಿ ಇದೆ, ಆದ್ರೆ ಸಾಲು ತಪ್ಪಿದೆ. ಶಾಫ್ಟ್‌ಗಳಲ್ಲಿ ಇದನ್ನ ಪ್ಯಾರಲಲ್ ಮಿಸ್‌ಅಲೈನ್‌ಮೆಂಟ್ ಅಂತೀವಿ. ಎರಡೂ ಶಾಫ್ಟ್ ಸಮಾನಾಂತರ, ಆದ್ರೆ ಸೆಂಟರ್ ಬೇರೆ.

ಒಂದು ಗುಡಿ ದಾರದ ಮೇಲೇ ಇದೆ, ಆದ್ರೆ ಸ್ವಲ್ಪ ಈಶಾನ್ಯಕ್ಕೆ ತಿರುಗಿಕೊಂಡಿದೆ ಅಂದ್ರೆ ಅದು ಆಂಗ್ಯುಲರ್. ಸೆಂಟರ್ ಸೇರುತ್ತೆ, ದಿಕ್ಕು ಸೇರಲ್ಲ.

ಎರಡು ಗುಡಿ ನಡುವಿನ ಸಂದು ಹೆಚ್ಚುಕಮ್ಮಿ ಆದ್ರೆ ಅದು ಆಕ್ಸಿಯಲ್. ಕಲ್ಲಿನ ಗುಡಿ ಜರುಗಲ್ಲ, ಸ್ಕ್ರೂ ಜರುಗುತ್ತೆ. 400 ಮಿ.ಮೀ. ಉದ್ದದ ಸ್ಟೀಲ್ ಸ್ಕ್ರೂ 20 ಡಿಗ್ರಿ ಬಿಸಿಯಾದ್ರೆ ಸುಮಾರು 0.09 ಮಿ.ಮೀ. ಉದ್ದ ಆಗುತ್ತೆ. ಆ ಉದ್ದಕ್ಕೆ ಎಲ್ಲಾದ್ರೂ ಜಾಗ ಬೇಕು, ಇಲ್ಲಾಂದ್ರೆ ಬೇರಿಂಗನ್ನ ತಳ್ಳುತ್ತೆ.

ನಮ್ಮ ಮೆಷಿನ್‌ಗಳಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ಜಾಸ್ತಿ ಯಾವುದು ಅನ್ನೋದೇ ಪ್ರಶ್ನೆ. ಪ್ಲೈವುಡ್ಡಲ್ಲಿ ಡ್ರಿಲ್ ಹೊಡೆದು ಮೋಟರ್ ಕೂರಿಸಿದ್ರೆ ಸಾಮಾನ್ಯವಾಗಿ ಪ್ಯಾರಲಲ್ಲೇ ಜಾಸ್ತಿ.

3/10

ಕಪ್ಲಿಂಗ್ ಅನ್ನೋದು ಆನ್‌ಲೈನ್ ವಿಡಿಯೋ ನೋಡಿ ಕಲೀಬೇಕಾದ ವಿದ್ಯೆ ಅಂತ ಕೆಲವರು ಅಂದ್ಕೊಂಡಿದ್ದಾರೆ. ಕೆ.ಆರ್. ಪೇಟೆ, ಕಿಕ್ಕೇರಿ ಕಡೆ ಯಾವ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಬೇಕಾದ್ರೂ ಹೋಗಿ ಕೇಳಿ. ಮೋಟರ್ ಬೇರೆ, ಪಂಪ್ ಬೇರೆ ಇರೋ ಸೆಟ್ಟಲ್ಲಿ ಮಧ್ಯೆ ಕೂತಿರೋದು ಇದೇ ಲವ್‌ಜಾಯ್. ಅಮೆರಿಕದ ಒಂದು ಕಂಪನಿ ಹೆಸರು ಅದು, ನಮ್ಮ ಕಡೆ ಆ ಜಾತಿ ಕಪ್ಲಿಂಗ್‌ಗೇ ಹೆಸರಾಗಿಬಿಟ್ಟಿದೆ. ಸ್ಟಾರ್ ರಬ್ಬರ್ ಪುಡಿ ಪುಡಿಯಾಗಿ ಉದುರ್ತಿದ್ರೆ ಅಣ್ಣ ಹೊಸ ರಬ್ಬರ್ ಹಾಕೋಕೆ ಮುಂಚೆ ಎರಡೂ ಹಬ್ ಮೇಲೆ ಒಂದು ಪಟ್ಟಿ ಇಟ್ಟು ಕಣ್ಣು ಕಿರಿದು ಮಾಡಿ ನೋಡ್ತಾರೆ. "ಲೈನ್ ಔಟ್ ಆಗೈತೆ, ಇದನ್ನ ಹಾಕಿದ್ರೂ ತಿನ್ಕೊಳ್ತದೆ" ಅಂತಾರೆ. ಆಮೇಲೆ ಮೋಟರ್ ಕಾಲಿನ ಕೆಳಗೆ ತಗಡು ಕೊಡ್ತಾರೆ. ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಒಂದು ಚಾಪ್ಟರ್ ಇರೋದನ್ನ ಅವರು ಒಂದು ತಗಡಲ್ಲಿ ಮುಗಿಸ್ತಾರೆ.

ಆಲೆಮನೆಯ ಗಾಣಕ್ಕೆ ಬೆಲ್ಟ್ ಹಾಕ್ತಾರಲ್ಲ, ಬೆಲ್ಟ್ ಸ್ವಲ್ಪ ಸೊಟ್ಟ ಇದ್ರೂ ಕ್ಷಮಿಸುತ್ತೆ. ಕಪ್ಲಿಂಗ್ ಅಷ್ಟು ಕ್ಷಮಿಸಲ್ಲ.

ಆದ್ರೆ ಒಂದು ವ್ಯತ್ಯಾಸ ತಲೇಲಿಟ್ಕೊಳ್ಳಿ. ಪಂಪ್ ಜೀವಮಾನವೆಲ್ಲ ಒಂದೇ ದಿಕ್ಕಿಗೆ ತಿರುಗುತ್ತೆ. ರಬ್ಬರ್ ಹಲ್ಲಿನ ಸಂದೀಲಿ ಸ್ವಲ್ಪ ಲೂಸ್ ಇದ್ರೂ ಅದು ಯಾವಾಗ್ಲೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿರುತ್ತೆ, ನೀರಿಗೇನೂ ಗೊತ್ತಾಗಲ್ಲ. ನಮ್ಮ ಮೆಷಿನ್ ಒಂದು ಹೂವಿನ ಡಿಸೈನ್ ಕೆತ್ತೋ ಅಷ್ಟರಲ್ಲಿ ಸಾವಿರಾರು ಸಲ ದಿಕ್ಕು ಬದಲಾಯಿಸುತ್ತೆ. ಪ್ರತಿ ಸಲವೂ ಆ ಲೂಸ್ ಮೊದಲು ತುಂಬಬೇಕು, ಆಮೇಲೆ ಟೇಬಲ್ ಹೊರಡಬೇಕು. ಹಂಗಾಗಿ ಪಂಪ್ ಅಂಗಡಿಯಿಂದ ವಿದ್ಯೆ ತಗೊಳ್ಳಿ, ಕಪ್ಲಿಂಗ್ ತಗೋಬೇಡಿ.

4/10

ಈಗ ಮುಖ್ಯ ವಿಷಯ. ಬೇರಿಂಗ್ ಎಣಿಸೋದು.

ಸ್ಟೆಪ್ಪರ್ ಮೋಟರ್ ಒಳಗೆ ಮುಂದೊಂದು ಹಿಂದೊಂದು, ಎರಡು ಬೇರಿಂಗ್ ಆಗಲೇ ಇವೆ. ಅಲ್ಲಿಂದ ಎಣಿಕೆ ಶುರು.

ಮೊದಲನೇ ಕೇಸು: 3ಡಿ ಪ್ರಿಂಟರ್‌ನ ಝಡ್ ಆಕ್ಸಿಸ್. ಸ್ಕ್ರೂ ಕೆಳಗೆ ಮೋಟರ್‌ಗೆ ಸೇರಿದೆ, ಮೇಲ್ಗಡೆ ತುದಿ ಖಾಲಿ. ಒಟ್ಟು ಬೇರಿಂಗ್ ಎರಡೇ. ಎರಡು ಚುಕ್ಕೆ ಮಧ್ಯೆ ಒಂದು ನೇರ ಗೆರೆ ಯಾವಾಗ್ಲೂ ಎಳೀಬಹುದು, ಜಗಳವೇ ಇಲ್ಲ. ಇಲ್ಲಿ ರಿಜಿಡ್ ಕಪ್ಲಿಂಗ್ ಹಾಕಿ, ಏನೂ ತೊಂದರೆ ಇಲ್ಲ, ಒಳ್ಳೇದೇ. "ಭದ್ರವಾಗಿರಲಿ" ಅಂತ ಮೇಲ್ಗಡೆ ಇನ್ನೊಂದು ಬೇರಿಂಗ್ ಬಿಗಿಯಾಗಿ ಕೂರಿಸಿದ್ರೆ ಅಲ್ಲಿಂದ ಜಗಳ ಶುರು. ಪ್ರಿಂಟ್ ಗೋಡೆ ಮೇಲೆ ಅಲೆ ಅಲೆ ಬರೋದಕ್ಕೆ ಅದೂ ಒಂದು ಕಾರಣ.

ಎರಡನೇ ಕೇಸು: ಬಾಲ್‌ಸ್ಕ್ರೂ ಹಾಕಿರೋ ರೌಟರ್. ಮೋಟರ್ ಪಕ್ಕ ಬಿಕೆ12 ಬ್ಲಾಕು, ಆಚೆ ತುದೀಲಿ ಬಿಎಫ್12. ಮೋಟರ್‌ದು ಎರಡು ಸೇರಿಸಿದ್ರೆ ಕಡೇ ಪಕ್ಷ ನಾಲ್ಕು ಕಡೆ ಶಾಫ್ಟನ್ನ ಹಿಡಿದಂಗಾಯ್ತು. ನಾಲ್ಕು ಚುಕ್ಕೆ ತಾನಾಗೇ ಒಂದೇ ಗೆರೆ ಮೇಲೆ ಬರಲ್ಲ. ಇಲ್ಲಿ ರಿಜಿಡ್ ಹಾಕಿದ್ರೆ ಉಳಿದ ವ್ಯತ್ಯಾಸವೆಲ್ಲ ಮೋಟರ್‌ನ ಮುಂದಿನ ಬೇರಿಂಗ್ ಮೇಲೆ ಬೀಳುತ್ತೆ. ಮೋಟರ್ ಒಂದು ಸುತ್ತಲ್ಲಿ ಒಂದು ಕಡೆ ಹಗುರ, ಒಂದು ಕಡೆ ಭಾರ ಆಗುತ್ತೆ. ಫ್ಲೆಕ್ಸಿಬಲ್ ಕಪ್ಲಿಂಗ್ ಬೇಕಾಗಿರೋದು ಇಲ್ಲಿ, ನೂರಕ್ಕೆ ನೂರು.

ಮೂರನೇ ಕೇಸು ತಂಟೆದು. ಸಣ್ಣ ಟೇಬಲ್ ಮೇಲಿನ ಸಿಎನ್‌ಸಿಗಳಲ್ಲಿ ಇದು ತುಂಬಾ ಸಿಗುತ್ತೆ. ಮೋಟರ್, ಕಪ್ಲಿಂಗ್, ಸ್ಕ್ರೂ, ಆಚೆ ತುದೀಲಿ ಮಾತ್ರ ಒಂದು ಬೇರಿಂಗ್. ಮೋಟರ್ ಪಕ್ಕ ಏನೂ ಇಲ್ಲ. ಟೂಲ್ ಮರವನ್ನ ತಳ್ಳಿದಾಗ ಆ ಒತ್ತಡ ಸ್ಕ್ರೂ ಉದ್ದಕ್ಕೂ ಬಂದು ಕಪ್ಲಿಂಗ್ ಮೂಲಕ ಮೋಟರ್ ಮೇಲೆ ಬೀಳುತ್ತೆ. ಎಷ್ಟೋ ಸ್ಟೆಪ್ಪರ್‌ಗಳ ಒಳಗೆ ಬೇರಿಂಗ್ ಹಿಂದೆ ಅಲೆ ಆಕಾರದ ಸ್ಪ್ರಿಂಗ್ ವಾಷರ್ ಇರುತ್ತೆ, ಶಾಫ್ಟ್ ಹಿಂದೆ ಮುಂದೆ ಆಡುತ್ತೆ. ಇಂಥ ಮೆಷಿನ್‌ಗೆ ದುಬಾರಿ ಕಪ್ಲಿಂಗ್ ತರೋ ಬದಲು ಆ ದುಡ್ಡಲ್ಲಿ ಮೋಟರ್ ಪಕ್ಕ ಒಂದು ಸರಿಯಾದ ಬೇರಿಂಗ್ ಬ್ಲಾಕ್ ತನ್ನಿ. ಉದ್ದಕ್ಕೆ ಬರೋ ತಳ್ಳಾಟ ಬೇರಿಂಗ್ ಹೊರಬೇಕು. ಕಪ್ಲಿಂಗ್ ತಿರುಗಿಸೋ ಕೆಲಸ ಮಾತ್ರ ಮಾಡಬೇಕು.

5/10

"ಕಪ್ಲಿಂಗ್ ಸ್ವಲ್ಪ ತಿರುಚಿಕೊಂಡ್ರೆ ಏನಾಯ್ತು?" ಅಂತ ಕೇಳಿದ್ರು. ಲೆಕ್ಕ ಹಾಕೋಣ, ಹೈಸ್ಕೂಲ್ ಲೆಕ್ಕಾನೇ.

ಟಿ8 ಸ್ಕ್ರೂ, ನಾಲ್ಕು ಸ್ಟಾರ್ಟಿಂದು, ಒಂದು ಸುತ್ತಿಗೆ 8 ಮಿ.ಮೀ. ಹೋಗುತ್ತೆ. ಕಪ್ಲಿಂಗ್ 1 ಡಿಗ್ರಿ ತಿರುಚಿಕೊಂಡ್ರೆ 8 ಭಾಗಿಸು 360, ಅಂದ್ರೆ 0.022 ಮಿ.ಮೀ. ತಪ್ಪು. 5 ಮಿ.ಮೀ. ಲೀಡ್ ಇರೋ 1605 ಬಾಲ್‌ಸ್ಕ್ರೂ ಆದ್ರೆ ಅದೇ 1 ಡಿಗ್ರಿಗೆ 0.014. ಟಿ8ರಲ್ಲೇ 2 ಮಿ.ಮೀ. ಲೀಡಿಂದು ತಗೊಂಡ್ರೆ 0.006 ಕೂಡ ಇಲ್ಲ. ಅಂದ್ರೆ ಕಪ್ಲಿಂಗ್ ಎಷ್ಟು ಮುಖ್ಯ ಅನ್ನೋದು ಸ್ಕ್ರೂ ಮೇಲೆ ನಿಂತಿದೆ. ಲೀಡ್ ಜಾಸ್ತಿ ಇದ್ದಷ್ಟೂ ಕಪ್ಲಿಂಗ್ ಗಟ್ಟಿ ಇರಬೇಕು.

ಈಗ ಮೋಟರ್ ಕಡೆ ಬನ್ನಿ. 200 ಸ್ಟೆಪ್ಪಿನ ಮೋಟರ್‌ದು ಒಂದು ಸ್ಟೆಪ್ 1.8 ಡಿಗ್ರಿ. ಈ ಮೋಟರೂ ಒಂಥರಾ ಸ್ಪ್ರಿಂಗೇ. ಹೋಲ್ಡಿಂಗ್ ಟಾರ್ಕ್‌ನ ಅರ್ಧದಷ್ಟು ಲೋಡ್ ಬಿದ್ರೆ ಶಾಫ್ಟ್ ಸುಮಾರು 0.6 ಡಿಗ್ರಿ ಹಿಂದೆ ಬೀಳುತ್ತೆ. ಮೈಕ್ರೋಸ್ಟೆಪ್ಪಿಂಗ್ 16ಕ್ಕೆ ಇಟ್ರೆ ಟಿ8ರಲ್ಲಿ ಒಂದು ಮಿ.ಮೀ.ಗೆ 400 ಸ್ಟೆಪ್ ಅಂತ ಲೆಕ್ಕ ಬರುತ್ತೆ, ಒಂದೊಂದೂ 0.0025 ಮಿ.ಮೀ. ಅದು ಸ್ಕ್ರೀನ್ ಮೇಲಿನ ಲೆಕ್ಕ ಅಷ್ಟೇ. ಲೋಡ್ ಬಿದ್ದಾಗ ಮೋಟರ್ ತಾನೇ 0.013 ಬಿಟ್ಕೊಟ್ಟಿರುತ್ತೆ.

ಇದರಿಂದ ಎರಡು ಮಾತು ಬರುತ್ತೆ. ಒಂದು: ಎನ್‌ಕೋಡರ್ ಇಲ್ಲದ ಸ್ಟೆಪ್ಪರ್‌ಗೆ ಸರ್ವೋಗೆ ಹಾಕೋ ದುಬಾರಿ ಬೆಲ್ಲೋಸ್ ಕಪ್ಲಿಂಗ್ ಹಾಕೋದು ಹರಿದ ಚೀಲಕ್ಕೆ ಬೆಳ್ಳಿ ಬೀಗ ಹಾಕಿದ ಹಂಗೆ. ಎರಡು: ಮೋಟರ್‌ಗಿಂತ ಮೆತ್ತಗಿರೋ ಕಪ್ಲಿಂಗ್ ಮಾತ್ರ ಬೇಡ. ಈ ಎರಡರ ಮಧ್ಯೆ ನಮಗೆ ಬೇಕಾದ್ದು ಇದೆ.

ಕಪ್ಲಿಂಗ್ ಮುರಿದು ಹೋಗುತ್ತಾ ಅನ್ನೋ ಭಯ ಬಿಡಿ. ನೆಮಾ 17 ಮೋಟರ್‌ದು ಸಾಮಾನ್ಯವಾಗಿ 0.4 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್. ಅಷ್ಟಕ್ಕೆ ಯಾವುದೂ ಮುರಿಯಲ್ಲ. ನೋಡಬೇಕಾಗಿರೋದು ಎಷ್ಟು ತಿರುಚಿಕೊಳ್ಳುತ್ತೆ ಅನ್ನೋದನ್ನ.

6/10

ಈಗ ಎಲ್ಲರ ಪ್ರೀತಿಯ ಸುರುಳಿ ಕಪ್ಲಿಂಗ್. 19 ಮಿ.ಮೀ. ದಪ್ಪ, 25 ಉದ್ದ, ಒಂದು ಕಡೆ 5ರ ತೂತು, ಇನ್ನೊಂದು ಕಡೆ 8ರ ತೂತು. ಕಿಟ್ ಬಿಚ್ಚಿದ್ರೆ ಇದೇ ಸಿಗೋದು.

ಇದರ ಗುಣ ಮೊದಲು ಹೇಳಬೇಕು. ಒಂದೇ ತುಂಡು, ಒಳಗೆ ಜೋಡಣೆ ಇಲ್ಲ, ಹಂಗಾಗಿ ಲೂಸ್ ಅನ್ನೋದೇ ಇಲ್ಲ. ಆಂಗಲ್ ತಪ್ಪಿದ್ರೆ ಆರಾಮಾಗಿ ಬಗ್ಗುತ್ತೆ. ಪೆನ್ ಪ್ಲಾಟರ್ ಥರ ಲೋಡೇ ಇಲ್ಲದ ಮೆಷಿನ್‌ಗೆ ಸಾಕು. "ನಂದು ವರ್ಷದಿಂದ ಓಡ್ತಿದೆ" ಅನ್ನೋರು ಸುಳ್ಳು ಹೇಳ್ತಿಲ್ಲ.

ದೋಷ ಏನಂದ್ರೆ, ಇದು ಎಲ್ಲಾ ದಿಕ್ಕಿಗೂ ಸ್ಪ್ರಿಂಗ್. ಬಗ್ಗುತ್ತೆ, ತಿರುಚಿಕೊಳ್ಳುತ್ತೆ, ಉದ್ದಕ್ಕೂ ಎಳೆಯುತ್ತೆ. ಪ್ರಿಂಟರ್ ಝಡ್‌ನಲ್ಲಿ ಇಡೀ ಗ್ಯಾಂಟ್ರಿ ಭಾರ ಈ ಸ್ಪ್ರಿಂಗ್ ಮೇಲೆ ಕೂತಿರುತ್ತೆ. ಮೇಲಿಂದ ಬೆರಳಲ್ಲಿ ಒತ್ತಿ ಬಿಡಿ, ಕುಣಿಯೋದು ಕಾಣುತ್ತೆ. ಹಿಂದಿನ ಪೋಸ್ಟ್‌ಗಳನ್ನ ಓದಿದ್ರೆ ತಮಾಷೆ ಗೊತ್ತಾಗುತ್ತೆ: ಎರಡೇ ಬೇರಿಂಗ್ ಇರೋ, ಫ್ಲೆಕ್ಸಿಬಲ್ ಬೇಡವೇ ಬೇಡದ ಜಾಗಕ್ಕೇ ಇದನ್ನ ಜಾಸ್ತಿ ಹಾಕ್ತಾರೆ!

ಪ್ಯಾರಲಲ್ ತಪ್ಪನ್ನ ಇದು ಸರಿಯಾಗಿ ತಡ್ಕೊಳ್ಳಲ್ಲ. ಒಂದೇ ಸುರುಳಿ ಇದ್ರೆ ಎಸ್ ಆಕಾರಕ್ಕೆ ಬಗ್ಗೋಕೆ ಕಷ್ಟ. ಪ್ರತಿ ಸುತ್ತಿಗೂ ಲೋಹ ಆ ಕಡೆ ಈ ಕಡೆ ಬಗ್ಗಿ ಬಗ್ಗಿ, ಸೀಳು ಮುಗಿಯೋ ಮೂಲೇಲಿ ಕೂದಲೆಳೆ ಬಿರುಕು ಬರುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಹಂಗೆ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಕೆಲಸದಲ್ಲಿ ಮಾತ್ರ ಸ್ಟೆಪ್ ತಪ್ಪಿದ ಹಂಗೆ ಆಗುತ್ತೆ.

ಆಗಲೇ ಹಾಕಿಬಿಟ್ಟಿದ್ರೆ, ಬದಲಾಯಿಸೋಕೆ ದುಡ್ಡಿಲ್ಲ ಅಂದ್ರೆ ಒಂದು ಉಪಾಯ ಇದೆ. ಝಡ್‌ನಲ್ಲಿ ಮೋಟರ್ ಶಾಫ್ಟ್ ತುದಿಯೂ ಸ್ಕ್ರೂ ತುದಿಯೂ ಕಪ್ಲಿಂಗ್ ಒಳಗೆ ಒಂದಕ್ಕೊಂದು ತಾಗೋ ಹಂಗೆ, ಅಥವಾ ಮಧ್ಯೆ ಒಂದು ಸಣ್ಣ ಸ್ಟೀಲ್ ಗುಂಡು ಇಟ್ಟು ಬಿಗಿ ಮಾಡಿ. ಭಾರ ನೇರ ಶಾಫ್ಟ್ ಮೇಲೆ ಕೂರುತ್ತೆ, ಸುರುಳಿಗೆ ತಿರುಗಿಸೋ ಕೆಲಸ ಮಾತ್ರ ಉಳಿಯುತ್ತೆ.

7/10

ಬಾಲ್‌ಸ್ಕ್ರೂ ಅಥವಾ ಎರಡೂ ತುದೀಲಿ ಬೇರಿಂಗ್ ಇರೋ ಸ್ಕ್ರೂ, ಮರ ಮತ್ತು ಅಕ್ರಿಲಿಕ್ ಕತ್ತರಿಸೋ ರೌಟರ್, ಸ್ಟೆಪ್ಪರ್ ಮೋಟರ್: ಇದೇ ನಮ್ಮ ಕ್ಲಾಸಿನ ಹತ್ತರಲ್ಲಿ ಎಂಟು ಪ್ರಾಜೆಕ್ಟ್. ಇದಕ್ಕೆ ನನ್ನ ಓಟು ಸ್ಟಾರ್ ಇರೋ ಜಾ ಕಪ್ಲಿಂಗ್‌ಗೆ. ಆದ್ರೆ ಮೂರು ಷರತ್ತು.

ಷರತ್ತು 1: ಸ್ಟಾರ್ ಹಲ್ಲುಗಳ ಮಧ್ಯೆ ಬಿಗಿಯಾಗಿ ಕೂರಬೇಕು. ಕೈಯಲ್ಲಿ ಒತ್ತಿದ್ರೆ ಸ್ವಲ್ಪ ಬಲ ಹಾಕಿ ಕೂರಿಸೋ ಹಂಗಿರಬೇಕು. ಟಪ್ ಅಂತ ಬಿದ್ದೋದ್ರೆ ಅದು ಪಂಪ್‌ಗೆ ಸರಿ, ನಮಗಲ್ಲ.

ಷರತ್ತು 2: ಸ್ಟಾರ್‌ನ ಗಡಸುತನ ಕೇಳಿ. ಶೋರ್ ಎ ಅನ್ನೋ ಅಳತೇಲಿ 80 ಅಂದ್ರೆ ಮೆತ್ತಗೆ, 92 ಮಧ್ಯಮ, 98 ಗಟ್ಟಿ. ನಮಗೆ 92 ಅಥವಾ 98. ಬಣ್ಣ ನೋಡಿ ತಗೋಬೇಡಿ. ಒಬ್ಬರ ಕೆಂಪು ಇನ್ನೊಬ್ಬರ ಹಳದಿ, ಕಂಪನಿಗೊಂದು ಬಣ್ಣದ ಲೆಕ್ಕ ಇದೆ. ನಂಬರ್ ಕೇಳಿ.

ಷರತ್ತು 3: ಕ್ಲ್ಯಾಂಪ್ ಮಾದರಿ ತಗೊಳ್ಳಿ, ಗ್ರಬ್ ಸ್ಕ್ರೂದು ಬೇಡ. ಕ್ಲ್ಯಾಂಪ್ ಅಂದ್ರೆ ಹಬ್ ಒಂದು ಕಡೆ ಸೀಳಿರುತ್ತೆ, ಅಡ್ಡ ಬೋಲ್ಟ್ ಬಿಗಿ ಮಾಡಿದ್ರೆ ಸುತ್ತಲೂ ಹಿಡ್ಕೊಳ್ಳುತ್ತೆ. ಗ್ರಬ್ ಸ್ಕ್ರೂ ಒಂದು ಕಡೆಯಿಂದ ಚುಚ್ಚಿ ಶಾಫ್ಟನ್ನ ಇನ್ನೊಂದು ಪಕ್ಕಕ್ಕೆ ತಳ್ಳುತ್ತೆ, ಸೆಂಟರ್ ಅಲ್ಲೇ ಹೋಯ್ತು. ಶಾಫ್ಟ್ ಮೇಲೆ ಗುಳಿಯೂ ಬೀಳುತ್ತೆ, ಆಮೇಲೆ ಬಿಚ್ಚೋಕೂ ಬರಲ್ಲ.

ಇದರ ಇನ್ನೊಂದು ಲಾಭ ಶಬ್ದದಲ್ಲಿ ಗೊತ್ತಾಗುತ್ತೆ. ಸ್ಟೆಪ್ಪರ್ ಕೆಲವು ಸ್ಪೀಡ್‌ನಲ್ಲಿ ಗುಂಯ್ ಅಂತ ನಡುಗುತ್ತೆ, ಅದೇ ರೆಸೊನೆನ್ಸ್. ಲೋಹದ ಸ್ಪ್ರಿಂಗ್ ಆ ನಡುಕವನ್ನ ಹಂಗೇ ದಾಟಿಸುತ್ತೆ, ಪಾಲಿಯುರೆಥೇನ್ ಸ್ಟಾರ್ ಸ್ವಲ್ಪ ನುಂಗುತ್ತೆ. ಸ್ಟಾರ್ ಸವೆದ್ರೆ ಅದೊಂದನ್ನೇ ಬದಲಾಯಿಸಿದ್ರೆ ಆಯ್ತು.

ದೋಷ ಇಲ್ವಾ? ಇದೆ. ಪ್ಯಾರಲಲ್ ತಪ್ಪನ್ನ ಇದೂ ತುಂಬಾ ತಡ್ಕೊಳ್ಳಲ್ಲ. ಸ್ಟಾರ್ ಗಟ್ಟಿಯಾದಷ್ಟೂ ಕ್ಷಮೆ ಕಮ್ಮಿ. ಅದಕ್ಕೇ 9ನೇ ಪೋಸ್ಟ್ ಬಿಡದೆ ಓದಿ.

8/10

ಉಳಿದವರನ್ನ ಬೇಗ ಬೇಗ ಮಾತಾಡಿಸೋಣ.

ಓಲ್ಡಮ್: ಐರ್ಲೆಂಡಿನ ಇಂಜಿನಿಯರ್ ಜಾನ್ ಓಲ್ಡಮ್ 1821ರಲ್ಲಿ ಹಡಗಿನ ಪ್ಯಾಡಲ್ ಚಕ್ರದ ಸಮಸ್ಯೆಗೆ ಹುಡುಕಿದ ಉಪಾಯ. ಎರಡು ಹಬ್ ಮಧ್ಯೆ ಒಂದು ಬಿಲ್ಲೆ, ಬಿಲ್ಲೆಯ ಎರಡು ಮುಖದಲ್ಲೂ ಒಂದಕ್ಕೊಂದು ಅಡ್ಡಡ್ಡ ಕಾಲುವೆ. ಪ್ಯಾರಲಲ್ ತಪ್ಪಿಗೆ ಇದೇ ರಾಜ. ಬಿಲ್ಲೆ ಜಾರ್ತಾ ಜಾರ್ತಾ ಸವೆಯುತ್ತೆ, ಆಗ ಪ್ಲೇ ಬರುತ್ತೆ, ಬಿಲ್ಲೆ ಬದಲಾಯಿಸಬೇಕು. ಪ್ರಿಂಟರ್‌ನವರು ಇದನ್ನ ಝಡ್ ನಟ್‌ಗೂ ಗ್ಯಾಂಟ್ರಿಗೂ ಮಧ್ಯೆ ಹಾಕ್ತಾರೆ: ಸ್ಕ್ರೂ ಸೊಟ್ಟ ಇದ್ರೂ ಅದರ ಓಲಾಟ ಪ್ರಿಂಟ್‌ಗೆ ಬರಲ್ಲ. ಒಳ್ಳೇ ಐಡಿಯಾ.

ಯೂನಿವರ್ಸಲ್ ಜಾಯಿಂಟ್: ಟ್ರ್ಯಾಕ್ಟರ್ ಪಿಟಿಓ ಶಾಫ್ಟಲ್ಲಿ ಎಲ್ಲರೂ ನೋಡಿದ್ದೀರ. ಮೆಷಿನ್‌ಗೆ ಇದನ್ನ ಹಾಕೋ ಆಸೆ ಬೇಡ. ಒಂದೇ ಜಾಯಿಂಟ್ ಕೋನದಲ್ಲಿ ತಿರುಗಿದ್ರೆ ಆಚೆ ಕಡೆ ಸ್ಪೀಡ್ ಸಮ ಇರಲ್ಲ. 540 ಆರ್‌ಪಿಎಂ ಪಿಟಿಓ 30 ಡಿಗ್ರಿ ಕೋನದಲ್ಲಿದ್ರೆ ಆಚೆ ಕಡೆ ಒಂದೇ ಸುತ್ತಲ್ಲಿ ಎರಡೆರಡು ಸಲ 468ಕ್ಕೆ ಇಳಿದು 624ಕ್ಕೆ ಏರುತ್ತೆ. ಅದಕ್ಕೇ ಟ್ರ್ಯಾಕ್ಟರ್ ಶಾಫ್ಟಿಗೆ ಎರಡು ಜಾಯಿಂಟ್ ಇರೋದು, ಒಂದರ ತಪ್ಪನ್ನ ಇನ್ನೊಂದು ಹೊಡೆದು ಹಾಕೋಕೆ. ರೋಟವೇಟರ್‌ಗೆ ಓಕೆ, ಕೆತ್ತನೆಗೆ ಬೇಡ.

ಬೆಲ್ಲೋಸ್ ಮತ್ತು ಡಿಸ್ಕ್: ತಿರುಚಾಟದಲ್ಲಿ ಗಟ್ಟಿ, ಬಗ್ಗೋದ್ರಲ್ಲಿ ಮೆತ್ತಗೆ, ಪ್ಲೇ ಇಲ್ಲ. ಸರ್ವೋ ಹಾಕಿರೋ ದೊಡ್ಡ ಮೆಷಿನ್‌ಗಳಿಗೆ ಇವೇ ಸರಿ. ಸ್ಟೆಪ್ಪರ್‌ಗೆ ಯಾಕೆ ದಂಡ ಅಂತ 5ನೇ ಪೋಸ್ಟಲ್ಲಿ ಹೇಳಿದೀನಿ.

ಪೈಪ್ ತುಂಡು: ಪೆಟ್ರೋಲ್ ಪೈಪ್ ತುಂಡಿಗೆ ಕ್ಲಿಪ್ ಹಾಕಿ ಜೋಡಿಸೋರೂ ಇದ್ದಾರೆ. ಮೋಟರ್ ತಿರುಗುತ್ತಾ ಅಂತ ಟೆಸ್ಟ್ ಮಾಡೋಕೆ ಪರವಾಗಿಲ್ಲ. ರಿವರ್ಸ್ ಹೊಡೆದಾಗ ಎಷ್ಟು ಹಿಂದೆ ಬೀಳುತ್ತೆ ಅಂತ ದೇವರಿಗೇ ಗೊತ್ತು.

ಕಪ್ಲಿಂಗೇ ಇಲ್ಲದ ದಾರಿ: ಇದನ್ನ ಯಾರೂ ಯೋಚಿಸಲ್ಲ. ಪ್ರೂಸಾ ಐ3 ಎಂಕೆ2 ಪ್ರಿಂಟರ್ 2016ರಲ್ಲಿ ಬಂದಾಗ ಝಡ್ ಮೋಟರ್ ಶಾಫ್ಟೇ ಸ್ಕ್ರೂ ಆಗಿರೋ ಮೋಟರ್ ಹಾಕಿದ್ರು. ಜೋಡಣೆಯೇ ಇಲ್ಲ, ತಪ್ಪಿಗೆ ಜಾಗವೂ ಇಲ್ಲ. ಇನ್ನೊಂದು ದಾರಿ, ಸ್ಕ್ರೂಗೆ ಪುಲ್ಲಿ ಹಾಕಿ ಹಲ್ಲಿನ ಬೆಲ್ಟಲ್ಲಿ ತಿರುಗಿಸೋದು. ಮೋಟರ್ ಪಕ್ಕಕ್ಕೆ ಬರುತ್ತೆ, ಲೈನ್ ತಲೆನೋವು ಕಮ್ಮಿ. ಮತ್ತೆ ಆಲೆಮನೆ ನೆನಪಿಸ್ಕೊಳ್ಳಿ.

9/10

ಈ ಪೋಸ್ಟ್ ಸೇವ್ ಮಾಡಿಟ್ಕೊಳ್ಳಿ. ಲೈನ್ ಮಾಡೋ ಕ್ರಮ, ದುಬಾರಿ ಸಾಮಾನು ಬೇಡ.

ಮೊದಲು ಸ್ಕ್ರೂನ ಅದರ ಬ್ಲಾಕ್‌ಗಳಿಗೆ ಸರಿ ಮಾಡಿ. ಬ್ಲಾಕ್ ಬೋಲ್ಟ್‌ಗಳು ಸ್ವಲ್ಪ ಲೂಸ್ ಇರಲಿ. ನಟ್‌ನ ಮೋಟರ್ ಕಡೆ ಬ್ಲಾಕಿನ ಹತ್ತಿರಕ್ಕೆ ತಂದು ಆ ಬ್ಲಾಕ್ ಬಿಗಿ ಮಾಡಿ. ನಟ್‌ನ ಆಚೆ ತುದಿಗೆ ಒಯ್ದು ಅಲ್ಲಿನ ಬ್ಲಾಕ್ ಬಿಗಿ ಮಾಡಿ. ಈಗ ಕೈಯಲ್ಲಿ ತಿರುಗಿಸಿದ್ರೆ ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ ಹಗುರ ಇರಬೇಕು. ಇಲ್ಲಾಂದ್ರೆ ಕಪ್ಲಿಂಗ್ ಮುಟ್ಟಬೇಡಿ, ಇದನ್ನೇ ಸರಿ ಮಾಡಿ.

ಆಮೇಲೆ ಮೋಟರ್. ಬೋಲ್ಟ್ ನಾಲ್ಕೂ ಲೂಸ್ ಇಟ್ಟು ಕಪ್ಲಿಂಗ್ ಎರಡೂ ಕಡೆ ಕ್ಲ್ಯಾಂಪ್ ಮಾಡಿ. ಸ್ಕ್ರೂನ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಮೋಟರ್ ತನಗೆ ಬೇಕಾದ ಜಾಗ ತಾನೇ ಹುಡುಕಿಕೊಳ್ಳುತ್ತೆ. ಈಗ ಬೋಲ್ಟ್‌ಗಳನ್ನ ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕಾರಿನ ವೀಲ್ ಬಿಗಿ ಮಾಡೋ ಹಂಗೆ.

ಈಗ ಪರೀಕ್ಷೆ. ಮೋಟರ್ ಕಡೆ ಕ್ಲ್ಯಾಂಪ್ ಮಾತ್ರ ಸಡಿಲ ಮಾಡಿ. ಹಬ್ ಶಾಫ್ಟ್ ಮೇಲೆ ಸುಲಭವಾಗಿ ಜಾರಿದ್ರೆ ಲೈನ್ ಸರಿ ಇದೆ. ಕಚ್ಚಿಕೊಂಡ್ರೆ, ಅಥವಾ ಸಡಿಲ ಮಾಡಿದ ತಕ್ಷಣ ಶಾಫ್ಟ್ ಒಂದು ಕಡೆಗೆ ಜಿಗಿದ್ರೆ, ಲೈನ್ ಔಟ್. ಶಿಮ್ ಕೊಡಿ. ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು ಸುಮಾರು 0.1 ಮಿ.ಮೀ. ಇರುತ್ತೆ, ಕತ್ತರೀಲಿ ಕತ್ತರಿಸಬಹುದು. ಮೋಟರ್ ಪ್ಲೇಟ್ ತೂತು ಸಾಲದಿದ್ರೆ ರೌಂಡ್ ಫೈಲಲ್ಲಿ ಉಜ್ಜಿ ಸ್ವಲ್ಪ ದೊಡ್ಡದು ಮಾಡಿ.

ಪ್ಲೇ ಎಲ್ಲಿದೆ ಅಂತ ಹುಡುಕೋಕೆ ಒಂದು ಮಾರ್ಕರ್ ಸಾಕು. ಎರಡೂ ಹಬ್ ಮೇಲೆ ದಾಟೋ ಹಂಗೆ ಒಂದು ಗೆರೆ ಎಳೀರಿ. ಮೋಟರ್‌ಗೆ ಕರೆಂಟ್ ಕೊಟ್ಟು ಲಾಕ್ ಮಾಡಿ. ಸ್ಕ್ರೂನ ಕೈಯಲ್ಲಿ ಹಿಂದೆ ಮುಂದೆ ತಿರುಚಿ. ಗೆರೆ ಮುರಿದ್ರೆ ತಪ್ಪು ಕಪ್ಲಿಂಗ್‌ದು. ಗೆರೆ ಸೀದಾ ಇದೆ, ಶಾಫ್ಟ್ ಹಬ್ ಒಳಗೆ ಜಾರ್ತಿದೆ ಅಂದ್ರೆ ಕ್ಲ್ಯಾಂಪ್‌ದು. ಏನೂ ಅಲ್ಲಾಡ್ತಿಲ್ಲ, ಆದ್ರೆ ಟೇಬಲ್ ತಳ್ಳಿದ್ರೆ ಆಡುತ್ತೆ ಅಂದ್ರೆ ನಟ್ ಅಥವಾ ಬೇರಿಂಗ್‌ದು. ಮೋಟರ್ ಬದಲಾಯಿಸೋಕೆ ಮುಂಚೆ ಈ ಎರಡು ನಿಮಿಷದ ಕೆಲಸ ಮಾಡಿ.

ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಕಪ್ಲಿಂಗ್ ತರೋಕೆ ಹೋಗೋರು ವರ್ನಿಯರ್ ಜೇಬಲ್ಲಿಟ್ಕೊಂಡು ಹೋಗಿ. ನೆಮಾ 23 ಮೋಟರ್ ಶಾಫ್ಟ್ ಕೆಲವು 6.35 ಮಿ.ಮೀ., ಕೆಲವು 8. ಆರರದ್ದು ಹೋಗಲ್ಲ, ಆರೂವರೆದು ಹಿಡಿಯಲ್ಲ. ಒಳಗಿನ ತೂತು ಸೆಂಟರ್‌ನಲ್ಲಿದೆಯಾ ಅಂತ ಅಲ್ಲೇ ಒಂದು ನೇರ ರಾಡ್‌ಗೆ ಸಿಕ್ಕಿಸಿ ತಿರುಗಿಸಿ ನೋಡಿ. ಹಬ್ ಓಲಾಡಿದ್ರೆ ವಾಪಸ್ ಕೊಡಿ.

10/10

"ಇಷ್ಟೆಲ್ಲ ಲೈನ್ ಮಾಡೋದಾದ್ರೆ ಫ್ಲೆಕ್ಸಿಬಲ್ ಯಾಕೆ ಬೇಕು, ರಿಜಿಡ್ಡೇ ಹಾಕ್ಬಹುದಲ್ಲ?" ಅಂತ ಒಬ್ಬಳು ಗೆಳತಿ ಕೇಳಿದ್ಲು. ಒಳ್ಳೇ ಪ್ರಶ್ನೆ. ಕೈಯಲ್ಲಿ ಎಷ್ಟೇ ಚೆನ್ನಾಗಿ ಲೈನ್ ಮಾಡಿದ್ರೂ ಕೊನೇ ಕೂದಲೆಳೆ ಉಳಿಯುತ್ತೆ. ಬಿಸಿಗೆ ಸ್ಕ್ರೂ ಬೆಳೆಯುತ್ತೆ, ಮಳೆಗಾಲದಲ್ಲಿ ಪ್ಲೈವುಡ್ ಊದುತ್ತೆ. ಆ ಉಳಿಕೆಗೆ ಫ್ಲೆಕ್ಸಿಬಲ್ ಬೇಕು. ಕಣ್ಣಿಗೆ ಕಾಣೋವಷ್ಟು ಸೊಟ್ಟ ಇರೋದನ್ನ ಮುಚ್ಚೋಕೆ ಅದನ್ನ ಬಳಸಿದ್ರೆ ಮಾತ್ರ ಅದು ಹಾಳು, ನಮ್ಮ ಕೆಲಸವೂ ಹಾಳು.

ನನ್ನ ಪಟ್ಟಿ ಹಿಂಗಿದೆ:
• ಪ್ರಿಂಟರ್ ಝಡ್, ಮೇಲ್ತುದಿ ಖಾಲಿ: ರಿಜಿಡ್. ಸಿಕ್ಕಿದ್ರೆ ಸ್ಕ್ರೂ ಸಮೇತ ಬರೋ ಮೋಟರ್.
• ಸ್ಕ್ರೂಗೆ ಎರಡೂ ಕಡೆ ಸ್ವಂತ ಬೇರಿಂಗ್, ಸ್ಟೆಪ್ಪರ್: ಕ್ಲ್ಯಾಂಪ್ ಜಾ ಕಪ್ಲಿಂಗ್, 92 ಅಥವಾ 98ರ ಸ್ಟಾರ್.
• ಮೋಟರ್ ಪಕ್ಕ ಬೇರಿಂಗ್ ಇಲ್ಲ: ಕಪ್ಲಿಂಗ್ ಆಮೇಲೆ, ಮೊದಲು ಬೇರಿಂಗ್ ಬ್ಲಾಕ್.
• ಪ್ಯಾರಲಲ್ ತಪ್ಪು ಸರಿ ಮಾಡೋಕೇ ಆಗದ ಕಟ್ಟಡ: ಓಲ್ಡಮ್, ಬಿಲ್ಲೆ ಒಂದು ಎಕ್ಸ್‌ಟ್ರಾ ಇಟ್ಕೊಳ್ಳಿ.
• ಸರ್ವೋ: ಬೆಲ್ಲೋಸ್ ಅಥವಾ ಡಿಸ್ಕ್.
• ಲೋಡ್ ಇಲ್ಲದ ಪ್ಲಾಟರ್: ಕಿಟ್ಟಲ್ಲಿ ಬಂದ ಸುರುಳಿಯೇ ಸಾಕು, ದುಡ್ಡು ಉಳಿಸಿ.

ಕೊನೇ ಮಾತು. ನಮ್ಮ ರಾಜ್ಯದಲ್ಲಿ ಎಚ್‌ಎಂಟಿ 1953ರಲ್ಲಿ ಶುರುವಾಯ್ತು, ಬೆಂಗಳೂರಿನ ಸಿಎಂಟಿಐ 1962ರಲ್ಲಿ. ಪೀಣ್ಯದಲ್ಲಿ ಇವತ್ತೂ ಸಿಎನ್‌ಸಿ ಮೆಷಿನ್ ಮಾಡ್ತಾರೆ. ನಮ್ಮಲ್ಲಿ ಎಷ್ಟೋ ಜನ ಕೋರ್ಸ್ ಮುಗಿಸಿ ಅಂಥ ಕಡೆಗೇ ಕೆಲಸ ಕೇಳ್ಕೊಂಡು ಹೋಗೋರು. ಅಲ್ಲಿ ಇಂಟರ್ವ್ಯೂನಲ್ಲಿ "ಯಾವ ಕಪ್ಲಿಂಗ್ ಹಾಕಿದ್ರಿ?" ಅಂತ ಕೇಳಿದ್ರೆ ಉತ್ತರ ಸುಲಭ. "ಯಾಕೆ?" ಅಂತ ಕೇಳಿದಾಗ "ಕಿಟ್ಟಲ್ಲಿ ಅದೇ ಇತ್ತು ಸಾರ್" ಅನ್ನೋ ಹಂಗಾಗಬಾರದು ಕಣ್ರಪ್ಪ. ನಿಮ್ಮ ಕೈಲಿ ಕಟ್ಟಿದ ಮೆಷಿನ್ ಬಗ್ಗೆ ನಾಲ್ಕು ಮಾತು ನಿಮ್ಮದೇ ಇರಬೇಕು.

ನಿಮ್ಮ ಮೆಷಿನ್ ಫೋಟೋ ಹಾಕಿ, ಒಂದು ಸಾಲಲ್ಲಿ ಎಷ್ಟು ಬೇರಿಂಗ್ ಇದೆ ಅಂತ ಕಾಮೆಂಟಲ್ಲಿ ಬರೀರಿ. ನನ್ನ ಪಟ್ಟಿ ಒಪ್ಪದವರು ಜಗಳಕ್ಕೆ ಬನ್ನಿ, ಡಯಲ್ ಗೇಜ್ ರೀಡಿಂಗ್ ಸಮೇತ ಬಂದ್ರೆ ಇನ್ನೂ ಖುಷಿ.

#ಕಪ್ಲಿಂಗ್ #ನಮ್ಮಸಿಎನ್‌ಸಿ #ಗೋವಿಂದನಹಳ್ಳಿ #ಕೆಆರ್‌ಪೇಟೆ #ಕನ್ನಡದಲ್ಲಿಮೆಕ್ಯಾನಿಕಲ್